ಬರ್ಲಿನ್ ಸಭೆಯಲ್ಲಿ ಮಂಗಳೂರಿನ ಕಮಲಾದೇವಿ

ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರನ್ನು ಕೇಳಿದೊಡನೆ ಕೈಮಗ್ಗ, ಕರಕುಶಲಕಲೆ, ರಂಗಭೂಮಿಗಳು ನೆನಪಿಗೆ ಬರುತ್ತವೆ. ಉತ್ತರ ವಯಸ್ಸಿನ ಈ ಕೀರ್ತಿಯು ಅವರ ಯೌವನದ ಸಾಹಸವೊಂದನ್ನು ಮರೆಸಿಬಿಟ್ಟಿದೆ. ಜಗತ್ತಿನ ಸ್ತ್ರೀಯರ ಹಕ್ಕುಗಳನ್ನು ಚರ್ಚಿಸುವ ಸಭೆಗಳಲ್ಲಿ, ಪರಾಧೀನ ದೇಶದ ತರುಣಿಯೊಬ್ಬಳಿಗೂ ಸ್ವಂತ ಧ್ವನಿಯುಂಟೆಂದು ಅವರು ತೋರಿಸಿಕೊಟ್ಟಾಗ ಅವರಿಗೆ ಇಪ್ಪತ್ತಾರು ವರ್ಷ.

ಅವರ ಜನನ 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಆಗ ಮಂಗಳೂರೂ ನಮ್ಮ ಕಾಸರಗೋಡೂ ಮದರಾಸು ಪ್ರಾಂತದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಗೆ ಸೇರಿದ್ದವು. ತಂದೆ ಅನಂತಯ್ಯ ಧಾರೇಶ್ವರರು ಸರಕಾರಿ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲವೂ ಮೊದಲ ಪತ್ನಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿ, ಕೊಡಲು ಬಂದ ಮಾಸಾಶನವನ್ನು ಬೇಡವೆಂದು ಮಗಳೊಡನೆ ಹೊರಬಂದರು. ಕಮಲಾದೇವಿಯವರಿಗೆ ಹದಿನಾಲ್ಕರಲ್ಲಿ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ವೈಧವ್ಯ. ಹೆಣ್ಣಿನ ಬಾಳಿನಲ್ಲಿ ಕಾನೂನು ಏನು ಮಾಡಬಲ್ಲುದು, ಏನನ್ನು ಮಾಡದೆ ಬಿಡುವುದು ಎಂಬುದನ್ನು ಅವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ.

ಮದರಾಸಿನಲ್ಲಿ ಓದುತ್ತಿದ್ದಾಗ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಬಂಧುವರ್ಗದ ಅಸಮ್ಮತಿಯ ನಡುವೆಯೇ ವಿವಾಹವಾಯಿತು. ಕೆಲಕಾಲ ಇಂಗ್ಲೆಂಡಿನಲ್ಲಿ ವ್ಯಾಸಂಗವೂ ನಡೆಯಿತು. ಮದರಾಸು ಶಾಸನಸಭೆಗೆ ಸ್ಪರ್ಧಿಸುವ ಹಕ್ಕು ಸ್ತ್ರೀಯರಿಗೆ ದೊರೆತ 1926ರಲ್ಲಿಯೇ ಅವರು ಮಂಗಳೂರಿನಿಂದ ಚುನಾವಣೆಗೆ ನಿಂತು, ಅಲ್ಪ ಮತಗಳ ಅಂತರದಿಂದ ಸೋತರು. ಮರುವರ್ಷ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಕಾರ್ಯದರ್ಶಿಯಾಗಿ ಊರೂರು ತಿರುಗಿದರು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಮಸೂದೆಗೆ ಬೆಂಬಲ ಗಳಿಸುವುದು ಆ ಸಂಸ್ಥೆಯ ದೊಡ್ಡ ಕಾರ್ಯಗಳಲ್ಲೊಂದು.

ಆ ಮಸೂದೆ ಇನ್ನೂ ಅಂಗೀಕಾರವಾಗದೆ ಇದ್ದಾಗಲೇ, 1929ರ ಜೂನ್ ತಿಂಗಳಲ್ಲಿ, ಬರ್ಲಿನ್ನಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಒಕ್ಕೂಟದ ಅಧಿವೇಶನ ನಡೆಯಿತು. ಮತಾಧಿಕಾರಕ್ಕಾಗಿ ಹೋರಾಡುತ್ತ ಬಂದಿದ್ದ ಆ ಒಕ್ಕೂಟಕ್ಕೆ ಅದು ಬೆಳ್ಳಿಹಬ್ಬ. ಹಿಂದಿನ ವರ್ಷವಷ್ಟೇ ಬ್ರಿಟನ್ನಿನ ಸ್ತ್ರೀಯರಿಗೆ ಪುರುಷರಿಗೆ ಸಮನಾದ ಮತಾಧಿಕಾರ ಲಭಿಸಿತ್ತು. ಸಭಾಂಗಣದಲ್ಲಿ ದೇಶದೇಶಗಳ ಧ್ವಜಗಳಿದ್ದವು; ಭಾರತದ್ದು ಮಾತ್ರ ಇರಲಿಲ್ಲ. ಆಳುವವರ ಧ್ವಜವೇ ಆಳಿಸಿಕೊಳ್ಳುವವರದೂ ಎಂಬುದು ಅಲ್ಲಿನ ರೂಢಿ. ಸಮಾನತೆಯನ್ನು ಘೋಷಿಸುವ ಸಭೆಗೆ ಈ ವಿಸಂಗತಿ ಕಾಣಿಸಿರಲಿಲ್ಲವೆಂಬುದೇ ಸೋಜಿಗ. ಕಮಲಾದೇವಿಯೂ ಜೊತೆಗಾತಿಯರೂ ಒಪ್ಪಲಿಲ್ಲ. ತಮ್ಮ ಸೀರೆಗಳನ್ನೇ ಹರಿದು ಪಟ್ಟಿಗಳನ್ನು ಜೋಡಿಸಿ ಧ್ವಜವೊಂದನ್ನು ಸಿದ್ಧಪಡಿಸಿದರು.

ಇದನ್ನು ಬರಿಯ ಅಭಿಮಾನದ ಪ್ರಸಂಗವೆಂದು ಓದಿದರೆ ಅರ್ಥ ಅರ್ಧವೇ ದಕ್ಕುತ್ತದೆ. ಕ್ಯಾಥರೀನ್ ಮೇಯೋ ಅವರ ‘ಮದರ್ ಇಂಡಿಯಾ’ 1927ರಲ್ಲಿ ಪ್ರಕಟವಾದ ಮೇಲೆ ಭಾರತೀಯ ಸ್ತ್ರೀಯು ಪಶ್ಚಿಮದ ವೇದಿಕೆಗಳಲ್ಲಿ ಮರುಕದ ವಿಷಯವಾಗಿದ್ದಳು. ಅವಳ ಪರವಾಗಿ ಮಾತನಾಡಲು ಅನ್ಯರೇ ಸಿದ್ಧರಿದ್ದರು. 1929ರ ಅಕ್ಟೋಬರಿನಲ್ಲಿ ಲಂಡನ್ನಿನ ಸಭೆಯೊಂದರಲ್ಲಿ, ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರೂ ಇಂಥ ವಕಾಲತ್ತನ್ನು ಎದ್ದುನಿಂತು ವಿರೋಧಿಸಿದರು. ಬಾಲವಿಧವೆಯಾಗಿದ್ದ ಕಮಲಾದೇವಿಯವರು ಮನೆಯ ಅನ್ಯಾಯವನ್ನು ಮುಚ್ಚಿಡುವವರಲ್ಲ. ಆದರೆ ಅದನ್ನು ಪರರ ಆಳ್ವಿಕೆಗೆ ಸಮರ್ಥನೆಯಾಗಿ ಬಳಸುವುದನ್ನು ಅವರು ಸಹಿಸಲಾರರು. ಬರ್ಲಿನ್ನಿನ ಬಳಿಕ ಫ್ರಾಂಕ್‌ಫರ್ಟಿನಲ್ಲಿ ನಡೆದ ಸಾಮ್ರಾಜ್ಯಶಾಹಿ ವಿರೋಧಿ ಸಮಾವೇಶಕ್ಕೆ ಅವರು ಹೋದದ್ದು ಈ ನಿಲುವಿಗೆ ತಕ್ಕುದೇ ಆಗಿತ್ತು. ಶಾರದಾ ಮಸೂದೆ ಆ ಸೆಪ್ಟೆಂಬರಿನಲ್ಲಿ ಅಂಗೀಕಾರವಾಯಿತು.

ಮುಂದೆ ಉಪ್ಪಿನ ಸತ್ಯಾಗ್ರಹ, ಸೆರೆಮನೆ, ಸಮಾಜವಾದಿ ಪಕ್ಷದ ಕೆಲಸ. 1939ರಲ್ಲಿ ಕೋಪನ್‌ಹೇಗನ್ನಿನ ಅಧಿವೇಶನಕ್ಕೆ ಹೋದವರು, ಯುದ್ಧ ಆರಂಭವಾದ ಮೇಲೆ ಅಮೆರಿಕವನ್ನು ತಲುಪಿದರು. ಅಲ್ಲಿ ದಕ್ಷಿಣದ ಲೂಸಿಯಾನಾದಲ್ಲಿ ಪ್ರಯಾಣಿಸುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಡಬ್ಬಿಯಿಂದ ಏಳುವಂತೆ ರೈಲಿನ ಅಧಿಕಾರಿ ಆಜ್ಞಾಪಿಸಿದ. ಭಾರತದವರೆಂದು ತಿಳಿದಾಗ ರಿಯಾಯಿತಿ ತೋರಲು ಮುಂದಾದ. ಆ ರಿಯಾಯಿತಿಯನ್ನು ಅವರು ಸ್ವೀಕರಿಸಲಿಲ್ಲ. ತಾನು ಕರಿಯ ವರ್ಣದವಳೇ ಎಂದು ತಿಳಿಸಿ, ಕುಳಿತಲ್ಲಿಂದ ಕದಲಲಿಲ್ಲ. ಅಧಿಕಾರಿ ಹೊರಟುಹೋದ.