ಗಣಿತಾಚಾರ್ಯ ಶ್ರೀ ಮಹಾವೀರರು

ಕಾವ್ಯದಿಂದಲೂ ಶಿಲ್ಪದಿಂದಲೂ ಜಿನಧರ್ಮವನ್ನು ಬೆಳಗಿದ ಮಹನೀಯರನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಗಣಿತದಿಂದ ಕೀರ್ತಿ ತಂದ ಶ್ರೀ ಮಹಾವೀರಾಚಾರ್ಯರೂ ಅಷ್ಟೇ ಆದರಕ್ಕೆ ಪಾತ್ರರು.

ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ, ಎಂದರೆ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ನಾಡನ್ನಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು ಇವರು. ಆ ಚಕ್ರವರ್ತಿಗೆ ಗುರುಗಳಾಗಿದ್ದವರು ಆದಿಪುರಾಣದ ಶ್ರೀ ಜಿನಸೇನಾಚಾರ್ಯರು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತ ಶ್ಲೋಕಗಳಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಭಗವಾನ್ ಮಹಾವೀರಸ್ವಾಮಿಗೆ ವಂದಿಸಿ, ರಾಜನನ್ನು ಕೊಂಡಾಡಿ ಗ್ರಂಥವನ್ನಾರಂಭಿಸಿದ ಅವರು, ಪೂರ್ವಾಚಾರ್ಯರ ಜ್ಞಾನಸಮುದ್ರದಿಂದ ಕೆಲವು ರತ್ನಗಳನ್ನು ಮಾತ್ರ ಆಯ್ದು ತಂದಿರುವುದಾಗಿ ವಿನಯದಿಂದ ತಿಳಿಸಿದ್ದಾರೆ.

ಆ ರತ್ನಗಳಲ್ಲೊಂದು ವಿಕಲ್ಪಗಳನ್ನೆಣಿಸುವ ಸೂತ್ರ. ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತು ಎಂಬ ಐದು ಬಗೆಯ ರತ್ನಗಳಿಂದ ಎಷ್ಟು ವಿಧದ ಹಾರಗಳಾಗುವುವೆಂದು ಆಚಾರ್ಯರು ಕೇಳುತ್ತಾರೆ. ಮೇಲಿನ ಸಾಲಿನಲ್ಲಿ 5, 4, 3, 2, 1 ಎಂದೂ ಕೆಳಗಿನ ಸಾಲಿನಲ್ಲಿ 1, 2, 3, 4, 5 ಎಂದೂ ಬರೆಯಬೇಕು. ಎರಡು ಬಗೆಯ ರತ್ನಗಳ ಹಾರಕ್ಕೆ ಮೇಲಿನ ಮೊದಲೆರಡು ಅಂಕೆಗಳ ಗುಣಲಬ್ಧ 20ನ್ನು ಕೆಳಗಿನ ಮೊದಲೆರಡರ ಗುಣಲಬ್ಧ 2ರಿಂದ ಭಾಗಿಸಿದರೆ 10 ದೊರೆಯುತ್ತದೆ. ವಜ್ರ ಮತ್ತು ಮುತ್ತು, ಮುತ್ತು ಮತ್ತು ವಜ್ರ ಎಂದು ಒಂದೇ ಜೋಡಿಯನ್ನು ಎರಡು ಸಲ ಎಣಿಸಬಾರದೆಂದೇ ಈ ಭಾಗಾಕಾರ. ಮೂರು ಬಗೆಗಳಿಗೆ 60ನ್ನು 6ರಿಂದ ಭಾಗಿಸಿದರೆ ಪುನಃ 10. ಹೀಗೆ 5, 10, 10, 5, 1 ಕೂಡಿ ಒಟ್ಟು 31 ವಿಧಗಳು. ಇದೇ ಕ್ರಮದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಷಡ್ರಸಗಳ ಬೆರಕೆಗಳು 63 ಆಗುತ್ತವೆ.

ಈ ಸೂತ್ರವನ್ನು ನಮ್ಮ ಸಪ್ತಭಂಗಿಗೆ ಅನ್ವಯಿಸಿ ನೋಡಬಹುದು. ಅಸ್ತಿ, ನಾಸ್ತಿ, ಅವಕ್ತವ್ಯಗಳು ಒಂದೊಂದಾಗಿ 3, ಎರಡೆರಡಾಗಿ 3, ಮೂರೂ ಕೂಡಿ 1, ಒಟ್ಟು 7. ಎಂಟನೆಯ ಭಂಗಕ್ಕೆ ಎಡೆಯೇ ಇಲ್ಲ. ಬಾಲ್ಯದಿಂದ ನಾವು ಬಾಯಿಪಾಠ ಮಾಡುವ ಏಳೆಂಬ ಸಂಖ್ಯೆಯು ಲೆಕ್ಕದಿಂದಲೂ ಸಿದ್ಧವಾಗುತ್ತದೆ.

ಯುರೋಪಿನಲ್ಲಿ ಈ ಸೂತ್ರವು ಹೆರಿಗೋನ್ ಎಂಬ ಪಂಡಿತನ ಗ್ರಂಥದಲ್ಲಿ ಪ್ರಕಟವಾದುದು 1634ರಲ್ಲಿ. ನಮ್ಮ ಆಚಾರ್ಯರ ಗ್ರಂಥವನ್ನಾದರೋ 11ನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ತೆಲುಗಿಗೆ ತಂದಿದ್ದನು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಬಸದಿಯಲ್ಲಿ ನಡೆಯುವ ಪಾಠಶಾಲೆಗಳಲ್ಲಿ ಸ್ತೋತ್ರಗಳ ಜೊತೆಗೆ ಈ ಹಾರದ ಲೆಕ್ಕವನ್ನೂ ಮಕ್ಕಳಿಗೆ ಕಲಿಸುವುದು ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಕಾಣಿಕೆ.