ಕಲಿಸುತ್ತ ಕಲಿತ ಗುರು: ಲಾಫ್ಕಾಡಿಯೊ ಹರ್ನ್

ಜಪಾನಿನ ಜನರು ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಇಂದಿಗೂ ಆದರದಿಂದ ಸ್ಮರಿಸುತ್ತಾರೆ. ಆ ಹೆಸರನ್ನು ಹೊತ್ತವನು ಜನ್ಮತಃ ಜಪಾನೀಯನಲ್ಲ. ಐರಿಷ್ ತಂದೆಗೂ ಗ್ರೀಕ್ ತಾಯಿಗೂ 1850ರ ಜೂನ್ 27ರಂದು ಲೆಫ್ಕಾಡ ದ್ವೀಪದಲ್ಲಿ ಜನಿಸಿದ ಲಾಫ್ಕಾಡಿಯೊ ಹರ್ನನೇ ಅವನು.

ಬಾಲ್ಯದಲ್ಲಿಯೇ ಅವನಿಗೆ ತಾಯಿತಂದೆಯರ ಆಸರೆ ತಪ್ಪಿತು. ಹದಿನಾರನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಪೆಟ್ಟುಬಿದ್ದು ಎಡಗಣ್ಣು ಕುರುಡಾಯಿತು. ಹತ್ತೊಂಬತ್ತರಲ್ಲಿ ಬರಿಗೈಯಿಂದ ಅಮೆರಿಕಕ್ಕೆ ಹೋಗಿ, ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಪತ್ರಿಕಾ ಬರಹಗಾರನಾಗಿ ಹೆಸರು ಗಳಿಸಿದನು. 1890ರ ಏಪ್ರಿಲ್ ತಿಂಗಳಲ್ಲಿ ಲೇಖನಗಳನ್ನು ಬರೆಯಲೆಂದು ಜಪಾನಿಗೆ ಬಂದನು. ಆದರೆ ಪ್ರಕಾಶಕರೊಡನೆ ಮನಸ್ತಾಪವಾಗಿ ಆ ಸಂಬಂಧವನ್ನು ಕಡಿದುಕೊಂಡನು.

ನಾಲ್ವತ್ತು ವರ್ಷದ ಹರ್ನನು ಈಗ ಹೊಸ ವೃತ್ತಿಯನ್ನು ಅರಸಬೇಕಾಯಿತು. ಚೇಂಬರ್ಲಿನ್ ಎಂಬ ವಿದ್ವಾಂಸನ ನೆರವಿನಿಂದ ಮಾತ್ಸುಎ ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನ ಹುದ್ದೆ ದೊರೆಯಿತು. ಅವನಿಗೆ ಜಪಾನಿ ಭಾಷೆ ಬಾರದು. ಹುಡುಗರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಕ್ಕಳಿಂದ ಅವರು ಬಲ್ಲ ಸಂಗತಿಗಳನ್ನೇ ಕುರಿತು ಇಂಗ್ಲಿಷಿನಲ್ಲಿ ಪ್ರಬಂಧಗಳನ್ನು ಬರೆಯಿಸಿದನು. ಆ ಪ್ರಬಂಧಗಳನ್ನು ತಿದ್ದುತ್ತ ತಿದ್ದುತ್ತ ಗುರುವು ಶಿಷ್ಯರ ಮನಸ್ಸನ್ನು ಓದಿಕೊಂಡನು. ಅಲ್ಲಿಯೇ ಸಮುರಾಯಿ ಮನೆತನದ ಸೆತ್ಸು ಎಂಬಾಕೆಯನ್ನು ವರಿಸಿದನು.

ಮಾತ್ಸುಎಯ ಚಳಿ ಅವನಿಗೆ ಒಗ್ಗಲಿಲ್ಲ. 1891ರಲ್ಲಿ ಕುಮಾಮೊತೊ ನಗರದ ಉನ್ನತ ಶಾಲೆಗೆ ಹೋದನು. 1894ರಲ್ಲಿ ಕೋಬೆ ನಗರದಲ್ಲಿ ಮರಳಿ ಪತ್ರಿಕೆಯ ಕೆಲಸ ಹಿಡಿದನು. ಕಣ್ಣಿನ ಬೇನೆಯಿಂದ ಅದೂ ನಿಂತಿತು. ಹೆಂಡತಿಮಕ್ಕಳ ಹಕ್ಕು ಭದ್ರವಾಗಲೆಂದು 1896ರಲ್ಲಿ ಜಪಾನಿನ ಪೌರತ್ವವನ್ನೂ ಹೆಂಡತಿಯ ಮನೆತನದ ಹೆಸರನ್ನೂ ಸ್ವೀಕರಿಸಿದನು. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾನಿಲಯವು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಲು ಅವನನ್ನು ಕರೆಯಿತು. ವಿದ್ಯಾರ್ಥಿಗಳು ಒಂದೊಂದು ಮಾತನ್ನೂ ಬರೆದುಕೊಳ್ಳುವಂತೆ ಅವನು ನಿಧಾನವಾಗಿ, ಸರಳವಾಗಿ ನುಡಿಯುತ್ತಿದ್ದನು. ಅವರ ಟಿಪ್ಪಣಿಗಳೇ ಅವನು ಗತಿಸಿದ ಬಳಿಕ ಗ್ರಂಥಗಳಾಗಿ ಪ್ರಕಟವಾದವು.

1903ರಲ್ಲಿ ವಿಶ್ವವಿದ್ಯಾನಿಲಯವು ಅವನನ್ನು ಕೈಬಿಟ್ಟಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರೂ ಫಲವಾಗಲಿಲ್ಲ. ಅವನ ಸ್ಥಾನಕ್ಕೆ ಬಂದವರಲ್ಲಿ, ಮುಂದೆ ಮಹಾ ಕಾದಂಬರಿಕಾರನೆನಿಸಿದ ನಾತ್ಸುಮೆ ಸೋಸೆಕಿಯೂ ಒಬ್ಬನು. ಐವತ್ತು ದಾಟಿದ, ಒಂಟಿಗಣ್ಣಿನ, ಮಕ್ಕಳೊಂದಿಗನಾದ ಹರ್ನನಿಗೆ ಇದು ಕಠಿನವಾದ ಆಘಾತ. ಆದರೂ ಅವನ ಲೇಖನಿ ನಿಲ್ಲಲಿಲ್ಲ. ಸೆತ್ಸು ಹಳೆಯ ಕತೆಗಳನ್ನು ಹೇಳುವಳು. ಇಬ್ಬರೂ ತಾವೇ ಕೂಡಿಸಿಕೊಂಡ ಮುರುಕು ಜಪಾನಿಯಲ್ಲಿ ಮಾತನಾಡುವರು. ಅವನು ಅದನ್ನು ಇಂಗ್ಲಿಷಿನಲ್ಲಿ ಬರೆಯುವನು. ಹೀಗೆ ಹುಟ್ಟಿದ ಕತೆಗಳ ಸಂಗ್ರಹವಾದ 'ಕ್ವೈದಾನ್' 1904ರಲ್ಲಿ ಪ್ರಕಟವಾಯಿತು. ಅದೇ ವರ್ಷ ವಸೇದ ವಿದ್ಯಾಸಂಸ್ಥೆಯಲ್ಲಿ ಮತ್ತೆ ಬೋಧನೆಗೆ ತೊಡಗಿದನು. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ 26ರಂದು, ಹೃದಯಾಘಾತದಿಂದ ತೀರಿಕೊಂಡನು.

ಹದಿನಾಲ್ಕು ವರ್ಷಗಳಲ್ಲಿ ಹರ್ನನಿಗೆ ಐದು ಬಾರಿ ಕೆಲಸ ಬದಲಾಯಿತು. ಹೊಟ್ಟೆಪಾಡಿಗಾಗಿ ತನ್ನ ನುಡಿಯನ್ನು ಕಲಿಸಿದ ಅವನು, ಬಂದ ನಾಡಿನಿಂದ ಕಲಿಯುವುದನ್ನು ಮಾತ್ರ ಎಲ್ಲಿಯೂ ನಿಲ್ಲಿಸಲಿಲ್ಲ. ಅನ್ಯಭಾಷೆಯ ನಗರದಲ್ಲಿದ್ದು ಕನ್ನಡದಲ್ಲಿ ಓದುವ ನಮಗೆ ಅವನ ಬಾಳು ಅಪರಿಚಿತವೆನಿಸದು.