ಫ್ಲಾರೆನ್ಸ್ ನೈಟಿಂಗೇಲ್ ಎಂಬ ದಾದಿಯ ಚರಿತ್ರೆ

ದಾದಿಯ ಕೆಲಸವನ್ನು ಕಲಿಯಲು ಪಟ್ಟಣಕ್ಕೆ ಹೋದ ಹೆಣ್ಣುಮಗಳು ವರುಷ ತುಂಬುವ ಮೊದಲೇ ಪೆಟ್ಟಿಗೆಯೊಡನೆ ಮನೆಗೆ ಮರಳಿದರೆ, ಆಕೆಗೆ ಕಷ್ಟವನ್ನು ಸಹಿಸಲು ಆಗಲಿಲ್ಲವೆಂದು ನಾವು ಒಡನೆಯೇ ತೀರ್ಪು ಹೇಳಿಬಿಡುತ್ತೇವೆ. ರಾತ್ರಿಯ ನಿದ್ರೆಗೇಡನ್ನೂ ಹುಣ್ಣುಗಳ ನಾತವನ್ನೂ ತಾಳಿಕೊಂಡವಳು ಮೇಲಿನವರ ತಾತ್ಸಾರವನ್ನು ತಾಳಲಾರದೆ ಬಂದಿರಬಹುದೇ ಎಂದು ವಿಚಾರಿಸುವವರು ಕಡಿಮೆ. ಲೋಕಪ್ರಸಿದ್ಧಳಾದ ಫ್ಲಾರೆನ್ಸ್ ನೈಟಿಂಗೇಲಳೂ ಒಮ್ಮೆ ಕೆಲಸವನ್ನು ಬಿಟ್ಟುಬಿಡುವೆನೆಂದು ಬರೆದವಳೇ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಇಂಗ್ಲಿಷ್ ಸಿರಿವಂತರ ಮಗಳಾಗಿ ಹುಟ್ಟಿದಳು. 16 ವರುಷದವಳಾಗಿದ್ದಾಗ ದೇವರು ತನ್ನನ್ನು ಸೇವೆಗೆ ಕರೆದನೆಂದು ತಿಳಿದುಕೊಂಡಳು. ಆದರೆ ಆ ಕಾಲದ ದಾದಿಯರಿಗೆ ಕುಡುಕಿಯರೆಂಬ ಹೆಸರಿದ್ದುದರಿಂದ ಮನೆಯವರು ಬಹುಕಾಲ ಒಪ್ಪಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಫ್ಲೀಡ್ನರ್ ಬೋಧಕರು ನಡಿಸುತ್ತಿದ್ದ ಸೇವಕಿಯರ ಮನೆಯಲ್ಲಿ ಮೂರು ತಿಂಗಳು ಕಲಿತಳು.

1854ರಲ್ಲಿ ಕ್ರೈಮಿಯಾ ಯುದ್ಧವು ನಡೆಯುತ್ತಿರಲು, ಸಿಡ್ನಿ ಹರ್ಬರ್ಟ್ ಎಂಬ ಮಂತ್ರಿಯ ಕೋರಿಕೆಯ ಮೇರೆಗೆ ಆಕೆಯು 38 ಮಂದಿ ಸ್ತ್ರೀಯರೊಡನೆ ಹೊರಟು, ನವೆಂಬರ್ 4ರಂದು ತುರ್ಕಿಯ ಸ್ಕುಟಾರಿ ವೈದ್ಯಾಲಯವನ್ನು ಸೇರಿದಳು. ಅಲ್ಲಿನ ಸೇನಾವೈದ್ಯರಿಗೆ ಇವರ ಬರೋಣವು ಹಿಡಿಸಲಿಲ್ಲ. ಬಯ್ಯಲಿಲ್ಲ, ಹೊಡೆಯಲಿಲ್ಲ, ಕೆಲಸವನ್ನೇ ಕೊಡದೆ ಹೋದರು. ಗಾಯಾಳುಗಳು ಪಕ್ಕದ ಕೋಣೆಗಳಲ್ಲಿ ನರಳುತ್ತಿದ್ದರೂ ಈ ಸ್ತ್ರೀಯರು ಇಕ್ಕಟ್ಟಾದ ಕೋಣೆಗಳಲ್ಲಿ ಬಟ್ಟೆ ಹೊಲಿಯುತ್ತಾ ಕೂತಿರಬೇಕಾಯಿತು. ವೈದ್ಯರು ಕರೆಯದೆ ಯಾರೂ ರೋಗಿಯ ಬಳಿಗೆ ಹೋಗಕೂಡದೆಂದು ನೈಟಿಂಗೇಲಳೇ ಕಟ್ಟಪ್ಪಣೆ ಮಾಡಿದಳು. ಇದು ಹಲವರಿಗೆ ಕಠಿಣವಾಗಿ ತೋರಿತು. ತಲೆಗೆ ಹಾಕುವ ಟೊಪ್ಪಿಗೆಯು ತನ್ನ ಮುಖಕ್ಕೆ ಒಪ್ಪದೆಂದೂ, ಇದನ್ನು ಮೊದಲೇ ತಿಳಿದಿದ್ದರೆ ಬರುತ್ತಲೇ ಇರಲಿಲ್ಲವೆಂದೂ ಒಬ್ಬ ದಾದಿಯು ದೂರು ಹೇಳಿದಳಂತೆ. ನಮಗೆ ನಗೆ ಬಂದೀತು. ಆದರೂ ಬೇಡವಾದವಳೆಂದು ಮೂಲೆಗೆ ಕೂಡ್ರಿಸಲ್ಪಟ್ಟವಳಿಗೆ ಟೊಪ್ಪಿಗೆಯೂ ಭಾರವಾಗುವುದುಂಟು.

ಇಂಕರ್ಮನ್ ಕಾಳಗದ ಗಾಯಾಳುಗಳು ಹಡಗುಗಳಲ್ಲಿ ಬಂದು ತುಂಬಿದ ಮೇಲೆ ವೈದ್ಯರು ತಾವಾಗಿ ಸಹಾಯ ಬೇಡಿದರು. ಕಷ್ಟವು ಅಲ್ಲಿಗೆ ತೀರಲಿಲ್ಲ. ಡಿಸೆಂಬರಿನಲ್ಲಿ ಹರ್ಬರ್ಟನು ಆಕೆಯನ್ನು ಕೇಳದೆಯೇ ಇನ್ನೊಂದು ಗುಂಪನ್ನು ಕಳುಹಿಸಿದಾಗ, ತನ್ನ ಅಧಿಕಾರವನ್ನೇ ಕಿತ್ತಂತಾಯಿತೆಂದು ನೊಂದು ರಾಜೀನಾಮೆಯ ಮಾತನ್ನು ಬರೆದಳು. ಆದರೂ ಹೋಗಲಿಲ್ಲ.

ಎಲ್ಲರಿಗಿಂತಲೂ ಹೆಚ್ಚಾಗಿ ಎದುರಾದವನು ಸೇನೆಯ ಮುಖ್ಯ ವೈದ್ಯನಾದ ಜಾನ್ ಹಾಲ್. ನೈಟಿಂಗೇಲಳ ನೇಮಕವು ತುರ್ಕಿಗೆ ಮಾತ್ರ, ಕ್ರೈಮಿಯಾಕ್ಕೆ ಅಲ್ಲವೆಂದು ಆತನು ವಾದಿಸಿದನು. 1856ರ ಮಾರ್ಚಿಯಲ್ಲಿ ಆಕೆಯು ದಾದಿಯರೊಡನೆ ಬಾಲಕ್ಲಾವಾಕ್ಕೆ ಹೋದಾಗ ಅವರಿಗೆ ಸಲ್ಲತಕ್ಕ ಪಡಿಯೇ ದೊರೆಯಲಿಲ್ಲ. ಇಂಥದನ್ನು ಮುಂಗಂಡ ಆಕೆಯು ಆಹಾರವನ್ನು ಹೊತ್ತುಕೊಂಡೇ ಹೋಗಿದ್ದುದರಿಂದ ಯಾರೂ ಉಪವಾಸವಿರಲಿಲ್ಲ. ಆ ತಿಂಗಳಲ್ಲೇ ಆಕೆಯ ಅಧಿಕಾರವನ್ನು ಸ್ಥಿರಪಡಿಸುವ ಸೇನಾಜ್ಞೆಯು ಹೊರಟಿತು. ಆಕೆಗೆ ಹಣವಿತ್ತು, ಮಂತ್ರಿಗೆ ನೇರವಾಗಿ ಬರೆಯುವ ದಾರಿಯಿತ್ತು. ಬಡ ದಾದಿಗೆ ಇವೆರಡೂ ಇಲ್ಲವೆಂಬದನ್ನು ನಾವು ಮರೆಯಬಾರದು. ಇದಲ್ಲದೆ ಆಕೆಯೂ ತನ್ನ ಕೈಕೆಳಗಿನವರ ಮೇಲೆ ಹಲವು ಸಾರಿ ಬಿರುಸಾಗಿದ್ದಳು. ಕುಡಿದವರನ್ನು ಹಿಂದಕ್ಕೆ ಕಳುಹಿಸಿಬಿಟ್ಟಳು.

ಜನರು ಕೂಡಿಸಿ ಕೊಟ್ಟ ಹಣದಿಂದ 1860ರಲ್ಲಿ ಲಂಡನಿನ ಸೇಂಟ್ ತಾಮಸ್ ವೈದ್ಯಾಲಯದಲ್ಲಿ ದಾದಿಯರ ಶಾಲೆಯು ಆರಂಭವಾಯಿತು. ಹೊಸಬರನ್ನು ನೋಡಿಕೊಳ್ಳಲು ಅಲ್ಲಿ ಹಿರಿಯ ಸ್ತ್ರೀಯೊಬ್ಬಳು ಮೇಲ್ವಿಚಾರಕಿಯಾಗಿದ್ದಳು; ವಸತಿಯೂ ಊಟವೂ ನಿಶ್ಚಿತವಾಗಿದ್ದವು. ನೈಟಿಂಗೇಲಳು ತಾನು ರೋಗಪೀಡಿತಳಾಗಿ ಹಾಸಿಗೆಯಲ್ಲಿದ್ದರೂ, ಕಲಿಯುವ ಹುಡುಗಿಯರನ್ನು ಒಬ್ಬೊಬ್ಬರಾಗಿ ತನ್ನ ಮನೆಗೆ ಚಹಕ್ಕೆ ಕರೆದು ಅವರ ಸುಖದುಃಖಗಳನ್ನು ವಿಚಾರಿಸುವಳು; ದಣಿದವರಿಗೆ ತಿಂಡಿಪದಾರ್ಥಗಳನ್ನು ಕಳುಹಿಸುವಳು. 1910ನೆಯ ಇಸವಿ ಆಗಸ್ಟ್ 13ರಂದು, 90 ವರುಷದವಳಾಗಿ ನಿದ್ರೆಹೋದಳು. ಹಿಂದೆ ರಾಜರನ್ನು ಹೂಣಿಡುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುವೆವೆಂದರೂ ಮನೆಯವರು ಒಪ್ಪದೆ, ಆಕೆಯ ಇಷ್ಟದಂತೆ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ಸಮಾಧಿ ಮಾಡಿದರು.